ಕಡಿಮೆ ದುಡ್ಡು ಕಟ್ಟುವ ದೇಶಗಳು ವಿಶ್ವಸಂಸ್ಥೆಯ ಬಜೆಟ್ ಬಗ್ಗೆ ಇಷ್ಟೊಂದು ತಕರಾರು ತೆಗೆಯುವುದೇಕೆ?

ನೀವು ಎರಡು ವಿಷಯ ಕೇಳಿದ್ದೀರಿ. ಜಾಸ್ತಿ ದುಡ್ಡು ಹಾಕುವವರ ಮಾತು ಜಾಸ್ತಿ ನಡೆಯಬೇಡವೇ ಅನ್ನೋದು ಒಂದು. ಬಡ ದೇಶಗಳು ಲೆಕ್ಕ ತಪಾಸಣೆಗೆ ಅಡ್ಡಗಾಲು ಹಾಕುತ್ತಿವೆಯಾ ಅನ್ನೋದು ಇನ್ನೊಂದು. ನಾನು ಹಾಸನ ಜಿಲ್ಲೆಯಲ್ಲಿ ಸಹಕಾರ ಸಂಘಗಳ ಲೆಕ್ಕ ತಪಾಸಣೆ ಮಾಡುವವನು. ಈ ಜಗಳವನ್ನು ಮೊದಲಿನಿಂದ ಆಸಕ್ತಿಯಿಂದ ಓದುತ್ತಾ ಬಂದಿದ್ದೇನೆ.

ನಮ್ಮ ಹಾಲಿನ ಸಂಘಗಳನ್ನೇ ನೋಡಿ. ದಿನಕ್ಕೆ ಎರಡು ಲೀಟರ್ ಹಾಕುವವರಿಗೂ ಒಂದು ಓಟು, ನಲವತ್ತು ಲೀಟರ್ ಹಾಕುವವರಿಗೂ ಒಂದೇ ಓಟು. ಸುಸ್ತಿದಾರರಾದರೆ ಓಟಿಲ್ಲ. ವಿಶ್ವಸಂಸ್ಥೆಯ ಮಹಾಸಭೆಯೂ ಹೆಚ್ಚುಕಡಿಮೆ ಹೀಗೇ. ಅದರ ಮೂಲ ನಿಯಮಾವಳಿಯಾದ ಸನ್ನದಿನ 17ನೇ ವಿಧಿಯಂತೆ ಬಜೆಟ್ ಒಪ್ಪಬೇಕಾದ್ದು ಮಹಾಸಭೆ. ದೇಶಕ್ಕೊಂದು ಓಟು, ಬಜೆಟ್‌ಗೆ ಮೂರನೇ ಎರಡರಷ್ಟು ಬಹುಮತ ಬೇಕು. ಎರಡು ವರ್ಷದ ವಂತಿಗೆಯಷ್ಟು ಬಾಕಿ ಬಿದ್ದರೆ 19ನೇ ವಿಧಿಯಂತೆ ಓಟು ಹೋಗುತ್ತದೆ.

ವಂತಿಗೆ ಮಾತ್ರ ಶಕ್ತಿ ನೋಡಿ ಹಾಕುತ್ತಾರೆ. 2025ರಿಂದ 2027ರವರೆಗೆ ಅಮೆರಿಕದ ಪಾಲು ಶೇ. 22, ಚೀನಾದ್ದು ಸುಮಾರು ಶೇ. 20, ನಮ್ಮದು ಶೇ. 1.1. ತೀರಾ ಸಣ್ಣ ದೇಶಕ್ಕೆ ಶೇ. 0.001. ಇಲ್ಲಿ ಹೆಚ್ಚಿನವರು ಗಮನಿಸದ ಒಂದು ವಿಷಯ ಇದೆ. ಆ 22 ಅನ್ನೋದು ಮಿತಿ. ಅಮೆರಿಕದ ಆದಾಯ ನೋಡಿದರೆ ಇನ್ನೂ ಜಾಸ್ತಿ ಬರಬೇಕಿತ್ತು. 2000ದ ಡಿಸೆಂಬರ್‌ನಲ್ಲಿ ಈ ಮಿತಿಯನ್ನು 25ರಿಂದ 22ಕ್ಕೆ ಇಳಿಸಿದರು. ಅಭಿವೃದ್ಧಿಶೀಲ ದೇಶಗಳ ಕೂಟವಾದ ಜಿ-77 ಇದನ್ನು ಬಿಡದೆ ಎತ್ತುತ್ತದೆ: ಶಕ್ತಿಗೆ ತಕ್ಕ ವಂತಿಗೆ ಅನ್ನುವ ನಿಯಮಕ್ಕೆ ಈ ಮಿತಿಯೇ ವಿರುದ್ಧ ಎಂದು. ಅವರ ಮಾತು ಸರಿ ಅಂತಲೇ ನನಗನ್ನಿಸುತ್ತದೆ.

ಇನ್ನು ಓಟಿನ ವಿಚಾರ. 1985ರಲ್ಲಿ ಅಮೆರಿಕದ ಸಂಸತ್ತು ಕ್ಯಾಸೆಬಾಮ್ ತಿದ್ದುಪಡಿ ತಂದಿತು. ಬಜೆಟ್ ವಿಷಯದಲ್ಲಿ ಕಟ್ಟಿದ ದುಡ್ಡಿಗೆ ತಕ್ಕಷ್ಟು ಓಟು ಕೊಡಿ, ಇಲ್ಲವಾದರೆ ಶೇ. 25ರ ಬದಲು 20 ಮಾತ್ರ ಕಟ್ಟುತ್ತೇವೆ ಎಂದಿತು. ಮರುವರ್ಷ ರಾಜಿಯಾಯಿತು. ದೇಶಕ್ಕೊಂದು ಓಟು ಉಳಿಯಿತು, ಆದರೆ ಬಜೆಟ್ಟನ್ನು ಆದಷ್ಟು ಎಲ್ಲರ ಒಪ್ಪಿಗೆಯಿಂದಲೇ ಮಾಡಬೇಕು ಎಂದಾಯಿತು. ಅಂದರೆ ದೊಡ್ಡವರು ಬೇಡ ಅಂದರೆ ಬಜೆಟ್ ಕೂತುಬಿಡುತ್ತದೆ. ಸಣ್ಣ ದೇಶಗಳು ಅವತ್ತೇ ಅರ್ಧ ಬಿಟ್ಟುಕೊಟ್ಟವು ಅಲ್ವಾ?

ಆ ಒಪ್ಪಂದ ಮುರಿದದ್ದು 2006ರಲ್ಲಿ. ಹಿಂದಿನ ಡಿಸೆಂಬರ್‌ನಲ್ಲಿ ಅಮೆರಿಕದ ಒತ್ತಾಯಕ್ಕೆ ಮಣಿದು ಮೊದಲ ಆರು ತಿಂಗಳ ಖರ್ಚಿಗೆ 95 ಕೋಟಿ ಡಾಲರ್‌ನ ಮಿತಿ ಹಾಕಿದ್ದರು. ಸುಧಾರಣೆ ಆದರೆ ಮಾತ್ರ ಮುಂದಿನ ಕಂತು ಎನ್ನುವ ಧಾಟಿ. ಮಾರ್ಚ್‌ನಲ್ಲಿ ಪ್ರಧಾನ ಕಾರ್ಯದರ್ಶಿ ಕೋಫಿ ಅನ್ನಾನ್ ಸುಧಾರಣೆಯ ವರದಿ ಕೊಟ್ಟರು. ಹುದ್ದೆ, ಹಣವನ್ನು ಅಲ್ಲಿಂದಿಲ್ಲಿಗೆ ಬದಲಾಯಿಸಲು ತಮಗೆ ಇನ್ನಷ್ಟು ಅಧಿಕಾರ ಕೇಳಿದ್ದರು. ಜೊತೆಗೆ ಬಜೆಟ್ ಮಾತುಕತೆಗೆ ಸದಸ್ಯ ದೇಶಗಳ ಒಂದು ಸಣ್ಣ ಗುಂಪು ಸಾಕು ಎಂಬ ಸಲಹೆಯೂ ಇತ್ತು. ಜಿ-77 ಸಿಡಿದೆದ್ದದ್ದು ಇಲ್ಲಿ. ಆ ಗುಂಪಿನಲ್ಲಿ ಯಾರು ಕೂರುತ್ತಾರೆ ಎಂದು ಯಾರಿಗೆ ಗೊತ್ತಿಲ್ಲ? ಮೇ ತಿಂಗಳಲ್ಲಿ ಮಹಾಸಭೆಯಲ್ಲಿ ಓಟಿಗೇ ಹಾಕಿದರು. ಜಿ-77ರ ನಿರ್ಣಯದ ಪರ 121, ವಿರುದ್ಧ 50. ವಿರುದ್ಧ ನಿಂತವರು ಬಜೆಟ್‌ನ ಬಹುಪಾಲು ಹಣ ಕಟ್ಟುವವರು. ಜೂನ್ ಕೊನೆಗೆ ಖರ್ಚಿನ ಮಿತಿಯನ್ನೂ ತೆಗೆಯಬೇಕಾಯಿತು.

ಇದನ್ನೇ ಹಿಡಿದು ‘ಬಡ ದೇಶಗಳಿಗೆ ಲೆಕ್ಕ ಬೇಡ’ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ವಿಶ್ವಸಂಸ್ಥೆಯ ಹೊರಗಿನ ಲೆಕ್ಕ ತಪಾಸಣೆ ಮಾಡುವ ಮೂವರು ಸದಸ್ಯರ ಮಂಡಳಿಯಲ್ಲಿ 2014ರಿಂದ 2020ರವರೆಗೆ ನಮ್ಮ ಸಿಎಜಿ, ಅಂದರೆ ಭಾರತ ಸರ್ಕಾರದ ಲೆಕ್ಕ ತಪಾಸಣೆಯ ಮುಖ್ಯಸ್ಥರು, ಇದ್ದರು. ಅದಕ್ಕೂ ಮುಂಚೆ ತೊಂಬತ್ತರ ದಶಕದಲ್ಲೂ ಇದ್ದರು. ಜಿ-77 ಕೇಳುವುದು ಇಷ್ಟೇ: ತಪಾಸಕರು ಮಹಾಸಭೆಗೆ ಉತ್ತರ ಕೊಡಲಿ, ಒಳಗಿನ ತಪಾಸಣೆ ಬೇರೆ ಇರಲಿ, ಹೊರಗಿನದು ಬೇರೆ ಇರಲಿ. ನನ್ನ ಕೆಲಸದಲ್ಲೂ ಇದೇ ಜೀವಾಳ. ಆಕ್ಷೇಪಣೆ ಬರೆಯುವುದು ಸುಲಭ. ಅದನ್ನು ಸರ್ವ ಸದಸ್ಯರ ಸಭೆಯಲ್ಲಿ ಓದಿಸಿ, ತಪ್ಪು ಸರಿಪಡಿಸಿದ್ದಕ್ಕೆ ಅನುಪಾಲನಾ ವರದಿ ತರಿಸಿಕೊಳ್ಳುವಷ್ಟರಲ್ಲಿ ಸಾಕುಸಾಕಾಗುತ್ತದೆ. ಓದದೆ ಬಿಟ್ಟರೆ ಆ ವರದಿ ಆಡಳಿತ ಮಂಡಳಿಯ ಕಪಾಟಿನಲ್ಲೇ ಉಳಿಯುತ್ತದೆ.

ಇರಾಕ್ ತೈಲ ಮಾರಿದ ಹಣದಲ್ಲಿ ಆಹಾರ, ಔಷಧಿ ಕೊಳ್ಳಲೆಂದು ವಿಶ್ವಸಂಸ್ಥೆ ನಡೆಸಿದ ‘ತೈಲಕ್ಕೆ ಬದಲು ಆಹಾರ’ ಯೋಜನೆಯ ಹಗರಣವನ್ನೂ ನೆನಪಿಸಿಕೊಳ್ಳಿ. ಅದರ ತನಿಖೆ ಮಾಡಿದ ವೋಲ್ಕರ್ ಸಮಿತಿ 2005ರಲ್ಲಿ ವಿಶ್ವಸಂಸ್ಥೆಯ ಕಾರ್ಯಾಲಯದ ತಪ್ಪಿನ ಜೊತೆ ಭದ್ರತಾ ಮಂಡಳಿಯ ತಪ್ಪನ್ನೂ ತೋರಿಸಿತು. ಗುತ್ತಿಗೆಗಳ ಮೇಲೆ ಕಣ್ಣಿಡಬೇಕಿದ್ದ ಸಮಿತಿಯಲ್ಲಿ ಕೂತಿದ್ದವರು ಆ ಮಂಡಳಿಯ ಸದಸ್ಯರೇ, ದೊಡ್ಡವರೂ ಸೇರಿ.

ಹಾಗಂತ ಜಿ-77 ಮಾಡಿದ್ದೆಲ್ಲ ಸರಿ ಅಂತಲ್ಲ. ಒಂದೊಂದು ಹುದ್ದೆಗೂ ಜಗ್ಗಾಡಿ ಬಜೆಟ್ ಸಮಿತಿಯ ಮಾತುಕತೆ ಕ್ರಿಸ್‌ಮಸ್ ಹೊಸ್ತಿಲವರೆಗೂ ಎಳೆಯುವುದರಲ್ಲಿ ಅವರ ಪಾಲೂ ಇದೆ. ಬೇಡವಾದ ಹಳೆಯ ಕಾರ್ಯಕ್ರಮಗಳನ್ನು ಮುಚ್ಚಲು ಅವರು ಇನ್ನಷ್ಟು ಮನಸ್ಸು ಮಾಡಬೇಕು.

ಆದರೆ ನಿಜವಾದ ಹಿಡಿತ ಈಗ ಬೇರೆ ಕಡೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಕಡ್ಡಾಯ ವಂತಿಗೆ ಒಟ್ಟು ಹಣದ ಐದನೇ ಒಂದು ಭಾಗಕ್ಕಿಂತಲೂ ಕಡಿಮೆಯಾಗಿತ್ತು. ಉಳಿದದ್ದು ಸ್ವಂತ ಇಚ್ಛೆಯಿಂದ ಕೊಡುವ ಹಣ, ಅದರಲ್ಲಿ ಬಹಳಷ್ಟು ಇಂಥದ್ದಕ್ಕೇ ಖರ್ಚು ಮಾಡಿ ಅಂತ ಚೀಟಿ ಅಂಟಿಸಿ ಬರುವಂಥದ್ದು. ಅಲ್ಲಿ ಓಟು ಎಷ್ಟಿದ್ದರೂ ಏನು ಪ್ರಯೋಜನ? 2022ರಲ್ಲಿ ಸದಸ್ಯ ದೇಶಗಳು ಕಡ್ಡಾಯ ವಂತಿಗೆಯನ್ನು ಹಂತಹಂತವಾಗಿ ಮೂಲ ಬಜೆಟ್‌ನ ಅರ್ಧಕ್ಕೆ ಏರಿಸುವ ಗುರಿ ಒಪ್ಪಿಕೊಂಡವು. ನೀವು ಮುಂದೆ ಓದುವುದಾದರೆ ಇದರ ಬೆನ್ನು ಹತ್ತಿ. ಜೊತೆಗೆ, ಯಾರು ಎಷ್ಟು ಕಟ್ಟಬೇಕು ಅನ್ನುವ ಪಟ್ಟಿಯ ಪಕ್ಕದಲ್ಲೇ ಯಾರ ಬಾಕಿ ಎಷ್ಟು ಅನ್ನುವ ಪಟ್ಟಿಯನ್ನೂ ಇಟ್ಟುಕೊಳ್ಳಿ. ಪೂರ್ತಿಯಾಗಿ, ಹೊತ್ತಿಗೆ ಸರಿಯಾಗಿ, ಷರತ್ತಿಲ್ಲದೆ ಕಟ್ಟಿ ಎಂದು ಜಿ-77 ಪ್ರತಿ ಸಭೆಯಲ್ಲೂ ಹೇಳುವುದು ಯಾರಿಗೆ ಅನ್ನೋದು ಆಗ ತಾನಾಗೇ ತಿಳಿಯುತ್ತದೆ.