‘ಮಶ್ರೂಮ್’ ಕ್ರಿಯಾಪದವಾದಾಗ ಅದರ ಅರ್ಥವೇನು? ಅದು ಎಲ್ಲಿಂದ ಬಂತು?

ಚಿಕ್ಕಮಗಳೂರಿನ ಹೋಮ್‌ಸ್ಟೇಗಳು ‘ಮಶ್ರೂಮ್’ ಆಗುತ್ತಿವೆ ಎಂದು ಇಂಗ್ಲಿಷಿನಲ್ಲಿ ಬರೆದರೆ, ಅವು ಅಲ್ಪಕಾಲದಲ್ಲೇ ಎಲ್ಲೆಡೆ ತಲೆಯೆತ್ತುತ್ತಿವೆ ಎಂದರ್ಥ. ಅಣಬೆಯ ಹೆಸರೇ ಇಲ್ಲಿ ಕ್ರಿಯಾಪದವಾಗಿದೆ. ಆ ಹೆಸರು 15ನೇ ಶತಮಾನದ ಹೊತ್ತಿಗೆ ಫ್ರೆಂಚಿನ ‘ಮೂಸ್ರೋನ್’ ಎಂಬ ಪದದಿಂದ ಇಂಗ್ಲಿಷಿಗೆ ಬಂದದ್ದು.

ಹೋಲಿಕೆಗೆ ಕಾರಣ ಅಣಬೆಯ ಬೆಳವಣಿಗೆಯ ರೀತಿ. ಮೂಡಿಗೆರೆಯ ಕಡೆ ಮುಂಗಾರಿನ ಮಳೆ ಹಿಡಿದ ಮೇಲೆ, ಹಿಂದಿನ ಸಂಜೆ ಬರಿದಾಗಿದ್ದ ಹುತ್ತದ ಬಳಿ ಬೆಳಗಾಗುವಷ್ಟರಲ್ಲಿ ಅಣಬೆ ಎದ್ದಿರುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ನಿಜವಾಗಿ ಅದು ಒಂದೇ ರಾತ್ರಿಯ ಕೆಲಸವಲ್ಲ: ಮಣ್ಣಿನೊಳಗೆ ಸೂಕ್ಷ್ಮ ಎಳೆಗಳ ಜಾಲ ಬಹುಕಾಲದಿಂದ ಹಬ್ಬಿರುತ್ತದೆ, ಕೊಡೆಯ ಜೀವಕೋಶಗಳು ಬಹುಮಟ್ಟಿಗೆ ಪುಟ್ಟ ಮೊಗ್ಗಿನಲ್ಲೇ ಸಿದ್ಧವಾಗಿರುತ್ತವೆ, ತೇವ ಸಿಕ್ಕೊಡನೆ ಅವು ನೀರು ಹೀರಿ ಹಿಗ್ಗುತ್ತವೆ. ಕಣ್ಣಿಗೆ ಬೀಳುವುದು ಆ ಹಿಗ್ಗುವಿಕೆ ಮಾತ್ರ.

ಕನ್ನಡದ ‘ನಾಯಿಕೊಡೆಗಳಂತೆ’ ಎಂಬ ಮಾತಿನಲ್ಲೂ ಇದೇ ಚಿತ್ರವಿದೆ. ಆದರೆ ನಮ್ಮ ಮಾತಿನಲ್ಲಿ ಸಾಮಾನ್ಯವಾಗಿ ತಾತ್ಸಾರ ಬೆರೆತಿರುತ್ತದೆ. ಇಂಗ್ಲಿಷಿನ ಕ್ರಿಯಾಪದದಲ್ಲಿ ಅದು ಇರಲೇಬೇಕೆಂದಿಲ್ಲ. ಸಾಲ, ಬೇಡಿಕೆ, ಜನಸಂಖ್ಯೆ ಯಾವುದು ಬೇಗ ಹೆಚ್ಚಿದರೂ ಆ ಪದ ಸಲ್ಲುತ್ತದೆ.