ಹೊಗೆ ಕಂಡ ಕೂಡಲೇ ಎಂಜಿನ್ ಬಿಚ್ಚಿಸಬೇಡಿ

ಹಳೆ ಬೈಕ್ ಕೊಂಡವರು ಕಳಿಸಿದ ಪ್ರಶ್ನೆಗಳಿಗೆ ಈ ಸಲದ ಉತ್ತರ. ಆಯಿಲ್ ಎಷ್ಟು ಕಿಲೋಮೀಟರಿಗೆ ಬದಲಿಸಬೇಕು, ಚೈನ್ ಎಷ್ಟು ಸಡಿಲ ಇರಬೇಕು ಅನ್ನೋದನ್ನೆಲ್ಲ ನಾನು ಬರೆಯುವುದಿಲ್ಲ. ಅದು ಗಾಡಿಯ ಪುಸ್ತಕದಲ್ಲಿದೆ, ಓದಿಕೊಳ್ಳಿ. ಬಂದ ಪ್ರಶ್ನೆಗಳಲ್ಲಿ ಹೊಗೆಯದೇ ಜಾಸ್ತಿ. ಹುಬ್ಬಳ್ಳಿ, ಗದಗ, ಹಾವೇರಿ ಎಲ್ಲ ಕಡೆಯಿಂದಲೂ ಅದೇ ದೂರು. ಎಲ್ಲ ಕಡೆಯೂ ಅದೇ ತಪ್ಪು ನಡೆದಿದೆ. ಅಳತೆ ಮಾಡದೆ ಎಂಜಿನ್ ಬಿಚ್ಚುತ್ತಾರೆ. ಆದ್ದರಿಂದ ಅದಕ್ಕೇ ಮೊದಲ ಉತ್ತರ.

ಪ್ರಶ್ನೆ: ನಾನು ಅಣ್ಣಿಗೇರಿಯವ. 2015ರ ಸ್ಪ್ಲೆಂಡರ್ ಪ್ಲಸ್ ಸೆಕೆಂಡ್ ಹ್ಯಾಂಡ್ ತಗೊಂಡೆ. ಮೊದಲ ತಿಂಗಳು ಚಲೋ ಇತ್ತು. ಈಗ ಸೈಲೆನ್ಸರಿನಿಂದ ನೀಲಿ ಹೊಗೆ ಬರ್ತಿದೆ. ಒಬ್ಬ ಮೆಕ್ಯಾನಿಕ್ 'ಫುಲ್ ಎಂಜಿನ್ ಮಾಡಿಸಬೇಕು' ಅಂದ್ರು. ಇನ್ನೊಬ್ಬರು 'ದಪ್ಪ ಆಯಿಲ್ ಹಾಕು, ನಿಲ್ತದ' ಅಂದ್ರು. ಯಾರ ಮಾತು ಕೇಳ್ಲಿ ಅಣ್ಣಾರ?

ಉತ್ತರ: ಇಬ್ಬರ ಮಾತೂ ಕೇಳಬೇಡ ತಮ್ಮಾ. ಹೊಗೆ ಯಾವಾಗ ಬರುತ್ತದೆ ಅಂತ ಇಬ್ಬರೂ ನಿನ್ನನ್ನು ಕೇಳಿಲ್ಲ. ಅದನ್ನು ಕೇಳದೆ ಸ್ಪ್ಯಾನರ್ ಹಿಡಿಯುವವನ ಕೈಗೆ ಗಾಡಿ ಕೊಡಬಾರದು.

ನಿನ್ನದು ಆಯಿಲ್ ಸುಡುವ ಹೊಗೆ. ಕರಿ ಹೊಗೆ ಬೇರೆ. ಅದು ಪೆಟ್ರೋಲ್ ಜಾಸ್ತಿಯಾಗಿ ಬರುವುದು, ಏರ್ ಫಿಲ್ಟರ್ ಮತ್ತು ಕಾರ್ಬೊರೇಟರ್ ನೋಡಿದರೆ ಸಾಕು. ಚಳಿಗಾಲದ ಬೆಳಿಗ್ಗೆ ಒಂದೆರಡು ನಿಮಿಷ ಕಾಣುವ ಬಿಳಿ ಹೊಗೆ ಬರೀ ನೀರಿನ ಆವಿ. ನೀಲಿ ಹೊಗೆ ಬಂದರೆ ಆಯಿಲ್ ಎಲ್ಲಿಂದಲೋ ಸಿಲಿಂಡರಿನ ಒಳಗೆ ಹೋಗುತ್ತಿದೆ. ಎಲ್ಲಿಂದ ಅನ್ನೋದಷ್ಟೇ ಪ್ರಶ್ನೆ.

ಮೊದಲು ಆಯಿಲ್ ಮಟ್ಟ ನೋಡು. ಗಾಡಿಯನ್ನು ಸಪಾಟು ಜಾಗದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸು. ಎಂಜಿನ್ ಸ್ವಲ್ಪ ಹೊತ್ತು ಓಡಿಸಿ ಬಂದ್ ಮಾಡು, ಎರಡು ಮೂರು ನಿಮಿಷ ಬಿಡು. ಆಯಿಲ್ ಅಳೆಯುವ ಕಡ್ಡಿ ತೆಗೆದು ಒರೆಸಿ ಮತ್ತೆ ಇಡು. ಸ್ಪ್ಲೆಂಡರಿನಲ್ಲಿ ಆ ಕಡ್ಡಿಯನ್ನು ತಿರುಗಿಸಿ ಬಿಗಿ ಮಾಡಬಾರದು, ತೂತಿನ ಮೇಲೆ ಸುಮ್ನೆ ಕೂರಿಸಬೇಕು. ತಿರುಗಿಸಿ ನೋಡಿದರೆ ಮಟ್ಟ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಸರ್ವಿಸ್ ಆದ ಮೇಲೆ ದಿಢೀರನೆ ಹೊಗೆ ಶುರುವಾಗಿದ್ದರೆ ಆಯಿಲ್ ಮೇಲಿನ ಗೆರೆ ದಾಟಿರುವ ಸಾಧ್ಯತೆ ಇದೆ. ಹೆಚ್ಚಾದ ಆಯಿಲ್, ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದ ಏರ್ ಫಿಲ್ಟರ್ ಡಬ್ಬಿಗೆ ಹೋಗಿ ಅಲ್ಲಿಂದ ಒಳಗೆ ಸೇರಿ ಸುಡುತ್ತದೆ. ಹಾಗಿದ್ದರೆ ಜಾಸ್ತಿ ಇರುವುದನ್ನು ಇಳಿಸಿದರೆ ಮುಗಿಯಿತು. ಇಷ್ಟಕ್ಕೇ ಎಂಜಿನ್ ಬಿಚ್ಚಿಸಿಕೊಂಡವರನ್ನು ಕಂಡಿದ್ದೇನೆ, ಕಂಡಾಗಲೆಲ್ಲ ಸಿಟ್ಟು ಬರುತ್ತದೆ.

ಮಟ್ಟ ಸರಿಯಿದ್ದರೆ ಹೊಗೆಯ ಹೊತ್ತು ಗಮನಿಸು. ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಿಗ್ಗೆ ಶುರು ಮಾಡಿದಾಗ ಒಮ್ಮೆ ನೀಲಿ ಹೊಗೆ ಬಂದು ಆಮೇಲೆ ನಿಂತರೆ ಅದು ವಾಲ್ವ್ ಸೀಲಿನ ಕೆಲಸ. ಧಾರವಾಡದ ಇಳಿಜಾರಿನಲ್ಲಿ ಎಕ್ಸಲೇಟರ್ ಬಿಟ್ಟು ಇಳಿದು, ಕೆಳಗೆ ಬಂದು ಮತ್ತೆ ತಿರುವಿದಾಗ ಹೊಗೆ ಉಗುಳಿದರೂ ಅಷ್ಟೇ. ವಾಲ್ವ್ ಅಂದರೆ ಸಿಲಿಂಡರಿನ ಒಳಗೆ ಹೊರಗೆ ಗಾಳಿ ಬಿಡುವ ಬಾಗಿಲು. ವಾಲ್ವ್ ಸೀಲ್ ಅಂದರೆ ಅಲ್ಲಿಂದ ಆಯಿಲ್ ಇಳಿಯದಂತೆ ತಡೆಯುವ ಸಣ್ಣ ರಬ್ಬರ್, ಬೆಲೆಯೂ ಸಣ್ಣದು. ಸಿಲಿಂಡರಿನ ಮುಚ್ಚಳದಂತಿರುವ ಹೆಡ್ ಇಳಿಸಬೇಕು, ವಾಲ್ವ್ ಆಡುವ ಕೊಳವೆ, ಅಂದರೆ ವಾಲ್ವ್ ಗೈಡ್, ಸಡಿಲವಾಗಿದೆಯಾ ನೋಡಬೇಕು, ಹೊಸ ಸೀಲ್ ಹಾಕಿ ವಾಲ್ವ್ ಗ್ರೈಂಡ್ ಮಾಡಬೇಕು. ಹೆಡ್ ಎತ್ತುವಾಗ ಕೆಳಗಿನ ಬ್ಲಾಕ್ (ಸಿಲಿಂಡರ್ ಇರುವ ಭಾಗ) ಅಲುಗಾಡುತ್ತದೆ, ಆದ್ದರಿಂದ ಅದರ ಮೇಲಿನ, ಕೆಳಗಿನ ಎರಡೂ ಗ್ಯಾಸ್ಕೆಟ್ ಹೊಸದು ಹಾಕಿಸು. ಅಷ್ಟೇ ಕೆಲಸ.

ಇಬ್ಬರನ್ನು ಕೂರಿಸಿಕೊಂಡು ಏರಿ ಹತ್ತುವಾಗ, ಎಕ್ಸಲೇಟರ್ ತಿರುವಿದಷ್ಟೂ ಹೊಗೆ ಜಾಸ್ತಿಯಾದರೆ ಆಗ ಪಿಸ್ಟನ್ ಸುತ್ತ ಕೂತು ಆಯಿಲ್ ಮೇಲೇರದಂತೆ ತಡೆಯುವ ಪಿಸ್ಟನ್ ರಿಂಗ್ ಮೇಲೆ ಅನುಮಾನ ಪಡಬೇಕು. ಗೆಳೆಯನೊಬ್ಬ ಹಿಂದೆ ಇನ್ನೊಂದು ಗಾಡಿಯಲ್ಲಿ ಬಂದು ನೋಡಲಿ, ಓಡಿಸುವವನಿಗೆ ಅದು ಕಾಣುವುದಿಲ್ಲ.

ಆಗಲೂ ಬಿಚ್ಚುವ ಮುಂಚೆ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಬೇಕು. ಎಂಜಿನ್ ಬಿಸಿ ಇರಬೇಕು, ಎಕ್ಸಲೇಟರ್ ಪೂರ್ತಿ ತೆರೆದಿರಬೇಕು. ಗೇಜ್ ತೋರಿಸಿದ್ದನ್ನು ಕಂಪನಿ ಹೇಳಿದ ಅಂಕಿಯ ಜೊತೆ ಹೋಲಿಸಬೇಕು. ಕಡಿಮೆ ಬಂದರೆ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡುವ ಪದ್ಧತಿ ಇದೆ. ಒತ್ತಡ ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಂತ ಲೆಕ್ಕ. ನೆಟ್ಟಗೆ ನಿಂತ ಸಿಲಿಂಡರಿನ ಬುಲೆಟ್ಟಿಗೆ ಇದು ಸರಿ. ಸ್ಪ್ಲೆಂಡರಿನ ಸಿಲಿಂಡರ್ ಹೆಚ್ಚುಕಡಿಮೆ ಮಲಗಿದೆ. ಬಿಟ್ಟ ಆಯಿಲ್ ಕೆಳಗಿನ ಬದಿಗೆ ಹೋಗಿ ನಿಲ್ಲುತ್ತದೆ, ರಿಂಗಿನ ಸುತ್ತ ಸಮನಾಗಿ ಹರಡುವುದಿಲ್ಲ. ಆದ್ದರಿಂದ ನಿನ್ನ ಗಾಡಿಗೆ ಈ ಒಂದೇ ಪರೀಕ್ಷೆ ನಂಬಿ ತೀರ್ಮಾನ ಮಾಡಬಾರದು. ಪಿಸ್ಟನ್ನನ್ನು ಪೂರ್ತಿ ಮೇಲಕ್ಕೆ ತಂದು, ಎರಡೂ ವಾಲ್ವ್ ಮುಚ್ಚಿರುವಾಗ, ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಕೊಟ್ಟು ಕಿವಿಗೊಡಬೇಕು. ಆಯಿಲ್ ಹಾಕುವ ತೂತಿನಲ್ಲಿ ಜೋರಾಗಿ ಬುಸ್ ಅಂದರೆ ರಿಂಗ್. ಸೈಲೆನ್ಸರಿನಲ್ಲಿ ಕೇಳಿಸಿದರೆ ಎಕ್ಸಾಸ್ಟ್ ವಾಲ್ವ್. ಕಾರ್ಬೊರೇಟರ್ ಕಡೆ ಕೇಳಿಸಿದರೆ ಇನ್ನೊಂದು ವಾಲ್ವ್. ಇದನ್ನು ಮನೆಯಲ್ಲಿ ಮಾಡಲು ಹೋಗಬೇಡ. ಗಾಳಿಯ ಒತ್ತಡಕ್ಕೆ ಪಿಸ್ಟನ್ನಿನಿಂದ ತಿರುಗುವ ದಂಡ, ಅಂದರೆ ಕ್ರ್ಯಾಂಕ್, ಒಮ್ಮೆಲೇ ತಿರುಗಿ ಬೆರಳು ಮುರಿಯಬಹುದು.

ರಿಂಗ್ ಅಂತ ಖಾತ್ರಿಯಾದ ಮೇಲೆ ಬ್ಲಾಕ್ ಬಿಚ್ಚಲಿ. ಬಿಚ್ಚಿದ ಮೇಲೆ ಮತ್ತೆ ಅಳತೆ. ಸ್ಪ್ಲೆಂಡರಿನ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 50 ಮಿಲಿಮೀಟರ್. ಅದು ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು ಸವೆದರೂ ಬಹಳ ಸವೆದ ಹಾಗೆ. ಬೆರಳು ಆಡಿಸಿ 'ಬೋರ್ ಹೋಗೇತಿ' ಅನ್ನುವವರಿಗೆ ಇದು ಹೇಗೆ ತಿಳಿಯಬೇಕು? ಬೋರ್ ಗೇಜ್ ಬೇಕು. ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆ ಎರಡು ದಿಕ್ಕಿನಲ್ಲಿ ಅಳೆಯಬೇಕು. ಅಳತೆ ಮಿತಿಯೊಳಗಿದ್ದರೆ ಹೊಸ ರಿಂಗ್ ಸಾಕು. ಮಿತಿ ದಾಟಿದ್ದರೆ ಬೋರ್ ಮಾಡಿಸು, ಅಂದರೆ ಸಿಲಿಂಡರನ್ನು ಒಳಗಿನಿಂದ ಕೊರೆದು ಅಗಲ ಮಾಡಿಸು, ಇಲ್ಲವೇ ಹೊಸ ಬ್ಲಾಕ್ ಪಿಸ್ಟನ್ ಹಾಕಿಸು. ಓವರ್‌ಸೈಜ್ ಪಿಸ್ಟನ್ನುಗಳು ಸಾಮಾನ್ಯವಾಗಿ 0.25, 0.50, 0.75, 1.00 ಮಿಲಿಮೀಟರ್ ಹೀಗೆ ಮೂಲ ಅಳತೆಗಿಂತ ದೊಡ್ಡದಾಗಿ ಬರುತ್ತವೆ. ಸವೆತ ಹೋಗುವ ಅತಿ ಸಣ್ಣ ಸೈಜನ್ನೇ ಆರಿಸಬೇಕು, ಆಗ ಬ್ಲಾಕಿಗೆ ಇನ್ನೊಂದು ಆಯುಷ್ಯ ಉಳಿಯುತ್ತದೆ. ಮೊದಲು ಪಿಸ್ಟನ್ ಕೈಗೆ ಬರಲಿ, ಆಮೇಲೆ ಬ್ಲಾಕ್ ಲೇಥಿಗೆ ಹೋಗಲಿ. ಪಿಸ್ಟನ್ ಅಳೆದು ಅದಕ್ಕೆ ತಕ್ಕ ಹಾಗೆ ಬೋರ್ ಮಾಡಬೇಕು. ನಮ್ಮಲ್ಲಿ ಬಹಳ ಕಡೆ ಇದು ಉಲ್ಟಾ ನಡೆಯುತ್ತದೆ, ಅದಕ್ಕೇ ಬೋರ್ ಮಾಡಿಸಿದ ಗಾಡಿ ವರ್ಷದೊಳಗೆ ಮತ್ತೆ ಹೊಗೆ ಬಿಡುತ್ತದೆ.

ಇನ್ನು 'ಫುಲ್ ಎಂಜಿನ್'. ಹಾಗೆಂದರೆ ಕ್ರ್ಯಾಂಕ್‌ಕೇಸ್ ಇಬ್ಭಾಗ ಮಾಡಿ ಕ್ರ್ಯಾಂಕ್, ಪಿಸ್ಟನ್ನನ್ನು ಅದಕ್ಕೆ ಜೋಡಿಸುವ ಕನೆಕ್ಟಿಂಗ್ ರಾಡ್, ಬೇರಿಂಗ್ ಎಲ್ಲ ಹೊರಗೆ ತೆಗೆಯುವುದು. ಬರೀ ಹೊಗೆಗೆ ಅದು ಬೇಡವೇ ಬೇಡ. ರಾಡನ್ನು ಮೇಲೆ ಕೆಳಗೆ ಎಳೆದಾಗ ಆಟ ಇದ್ದರೆ ಮಾತ್ರ ಕ್ರ್ಯಾಂಕ್ ಕೆಲಸ. ಪಕ್ಕಕ್ಕೆ ಸ್ವಲ್ಪ ಸರಿದಾಡುವುದು ಸಹಜ, ಅದನ್ನು ತೋರಿಸಿ ಹೆದರಿಸುವವರು ಇದ್ದಾರೆ, ಹೆದರಬೇಡ. ಸುತ್ತಿಗೆಯಿಂದ ಬೇರಿಂಗ್ ಬಡಿದು ಕೇಸ್ ಹಾಳು ಮಾಡಿದರೆ ಆ ಎಂಜಿನ್ ಮತ್ತೆ ಮೊದಲಿನಂತೆ ಆಗುವುದಿಲ್ಲ. ಯಾರೂ ಬಿಚ್ಚದ ಎಂಜಿನ್ ಸ್ವಲ್ಪ ಸವೆದಿದ್ದರೂ, ಕೆಟ್ಟದಾಗಿ ಬಿಚ್ಚಿ ಜೋಡಿಸಿದ ಎಂಜಿನ್ನಿಗಿಂತ ಮೇಲು. ಕೆಲಸ ಏನೇ ಆಗಲಿ, ತೆಗೆದ ಹಳೆ ಭಾಗಗಳನ್ನು ಕೇಳಿ ವಾಪಸ್ ತಗೋ.

ದಪ್ಪ ಆಯಿಲ್ ಹೇಳಿದವರ ಬಗ್ಗೆ. ನಿನ್ನ ಗಾಡಿಗೆ ಕಂಪನಿ ಹೇಳಿರುವುದು 10ಡಬ್ಲ್ಯು30, ಈ ಅಂಕಿ ಆಯಿಲಿನ ದಪ್ಪದ ಗುರುತು. ಅದರ ಬದಲು 20ಡಬ್ಲ್ಯು50 ಹಾಕಿದರೆ ಹೊಗೆ ಕೆಲವು ದಿನ ಕಡಿಮೆ ಕಾಣುತ್ತದೆ, ನಿಜ. ರೋಗ ಒಳಗೇ ಬೆಳೆಯುತ್ತದೆ. ದಪ್ಪ ಆಯಿಲ್ ತಣ್ಣಗಿದ್ದಾಗ ಮೇಲೆ ವಾಲ್ವ್ ತೆರೆಸುವ ಕ್ಯಾಮ್ ಶಾಫ್ಟಿಗೆ ತಡವಾಗಿ ತಲುಪುತ್ತದೆ. ಗಾಡಿ ಮಾರುವವರು ಹೊಗೆ ಮುಚ್ಚಿಡಲು ಮಾಡುವ ಕೆಲಸವೂ ಇದೇ. ಮೊದಲ ತಿಂಗಳು ಚಲೋ ಇತ್ತು ಅಂತೀಯಲ್ಲ, ನಿನಗೂ ಹೀಗೇ ಮಾರಿರಬಹುದು ಅನ್ನೋದು ನನ್ನ ಅನುಮಾನ.

ಕೆಲಸ ಆಗುವವರೆಗೆ ದಿನಾ ಬೆಳಿಗ್ಗೆ ಕಡ್ಡಿ ನೋಡು, ಕಡಿಮೆಯಾದಷ್ಟು ತುಂಬಿಸು. ಈ ಎಂಜಿನ್ನಿನಲ್ಲಿ ಇರುವುದೇ ಒಂದು ಲೀಟರಿನ ಆಸುಪಾಸು. ಅದರಲ್ಲಿ ಕಾಲು ಪಾಲು ಸುಟ್ಟುಹೋದರೆ ಉಳಿದದ್ದು ಬೇಗ ಬಿಸಿಯಾಗುತ್ತದೆ. ಆಯಿಲ್ ಬತ್ತಿದ ಮೇಲೆ ನಿಜವಾಗಿಯೂ ಫುಲ್ ಎಂಜಿನ್ ಆಗುತ್ತದೆ.

ಇನ್ನೊಂದು ಮಾತು, ನೀನು ಕೇಳಿಲ್ಲ. ಅಣ್ಣಿಗೇರಿ, ನವಲಗುಂದ ಕಡೆಯ ಗಾಡಿಗಳ ಬೋರ್ ಬೇಗ ಸವೆಯಲು ಕಿಲೋಮೀಟರಿಗಿಂತ ಧೂಳು ಕಾರಣ. ಬೇಸಿಗೆಯಲ್ಲಿ ಹೊಲದ ದಾರಿಯಲ್ಲಿ ಟ್ರ್ಯಾಕ್ಟರ್ ಹಿಂದೆ ಓಡಿಸಿದರೆ ಎರೆ ಮಣ್ಣಿನ ಪುಡಿಯೆಲ್ಲ ಏರ್ ಫಿಲ್ಟರಿಗೆ. ಫಿಲ್ಟರ್ ಹರಿದಿದ್ದರೆ, ಅದರ ಡಬ್ಬಿಯ ರಬ್ಬರ್ ಬಿಟ್ಟಿದ್ದರೆ ಆ ಧೂಳು ಸೀದಾ ಬೋರಿಗೆ ಹೋಗಿ ಉಜ್ಜುತ್ತದೆ. ಎಣ್ಣೆ ಹಚ್ಚಿದ ಕಾಗದದ ಫಿಲ್ಟರ್ ಇದ್ದರೆ ಅದಕ್ಕೆ ಗಾಳಿ ಹೊಡೆಸಬಾರದು, ಹೊಸದೇ ಹಾಕಬೇಕು. ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಬೇಗ ಹಾಕು. ಫಿಲ್ಟರ್ ಸರಿಮಾಡದೆ ಹೊಸ ರಿಂಗ್ ಹಾಕಿಸಿದರೆ ದುಡ್ಡು ದಂಡ.

ಆರ್‌ಎಕ್ಸ್ 100 ಅನ್ನುವ ಹಳೆ ಯಮಾಹಾ ಬೈಕ್ ಇಟ್ಟುಕೊಂಡವರು ಮೇಲಿನದನ್ನು ತಮ್ಮ ಗಾಡಿಗೆ ಹಚ್ಚಬೇಡಿ. ಅದು ಟು ಸ್ಟ್ರೋಕ್, ಪೆಟ್ರೋಲಿನ ಜೊತೆ ಆಯಿಲ್ ಸುಡುವಂತೆಯೇ ಮಾಡಿದ್ದು.

ಪ್ರಶ್ನೆ: ನನ್ನ ಗಾಡಿ ಫೋರ್ ಸ್ಟ್ರೋಕ್. ಪೆಟ್ರೋಲಿಗೆ ಸ್ವಲ್ಪ ಟು-ಟಿ ಆಯಿಲ್ (ಟು ಸ್ಟ್ರೋಕ್ ಗಾಡಿಯದು) ಬೆರೆಸಿದರೆ ಎಂಜಿನ್ ಸ್ಮೂತ್ ಆಗುತ್ತಂತೆ, ಹೌದಾ? (ಶಿಗ್ಗಾಂವಿ)

ಉತ್ತರ: ಇಲ್ಲ. ಪ್ಲಗ್‌ಗೆ ಮಸಿ ಹಿಡಿಯುತ್ತದೆ, ಅಷ್ಟೇ.

ಪ್ರಶ್ನೆ: ಪೆಟ್ರೋಲ್ ಪೈಪಿಗೆ ಆಯಸ್ಕಾಂತ ಕಟ್ಟಿದರೆ ಮೈಲೇಜ್ ಜಾಸ್ತಿ ಆಗುತ್ತೆ ಅಂತ ಒಬ್ಬರು ಮಾರುತ್ತಿದ್ದಾರೆ. ತಗೊಳ್ಳಲಾ? (ಗದಗ)

ಉತ್ತರ: ಬೇಡ, ಅದು ಮೋಸ. ಆ ದುಡ್ಡಿಗೆ ಟೈರಿಗೆ ಸರಿಯಾಗಿ ಗಾಳಿ ಹಿಡಿಸಿ, ಹಿಂದಿನ ಬ್ರೇಕ್ ಉಜ್ಜುತ್ತಿದೆಯಾ ನೋಡಿಸಿ.

ಪ್ರಶ್ನೆ: ಕಾರಿಗೆ ಹಾಕುವ ಆಯಿಲ್ ಮಿಕ್ಕಿದೆ. ಬೈಕಿಗೆ ಹಾಕಬಹುದಾ? (ಹುಬ್ಬಳ್ಳಿ)

ಉತ್ತರ: ಬೇಡ. ಬೈಕಿನ ಕ್ಲಚ್ ಪ್ಲೇಟ್ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ, ಜಾರತೊಡಗುತ್ತದೆ. ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 ಅಂತ ಇರಬೇಕು, ಅದು ಇಂಥ ಕ್ಲಚ್ಚಿಗೆ ಆಗುವ ಆಯಿಲ್ ಅನ್ನುವ ಗುರುತು.

ಪ್ರಶ್ನೆ: ನನ್ನದು 2012ರ ಕಾರ್ಬೊರೇಟರ್ ಗಾಡಿ. ವಾರಗಟ್ಟಲೆ ನಿಂತಿರುತ್ತೆ. ಎಥೆನಾಲ್ ಬೆರೆಸಿದ ಪೆಟ್ರೋಲಿನಿಂದ ಎಂಜಿನ್ ಹಾಳಾಗುತ್ತಾ? (ಧಾರವಾಡ)

ಉತ್ತರ: ದಿನಾ ಓಡುವ ಗಾಡಿಗಿಂತ ನಿಂತಿರುವ ಗಾಡಿಗೆ ಅದರ ತೊಂದರೆ ಜಾಸ್ತಿ. ಎಥೆನಾಲ್ ಗಾಳಿಯಲ್ಲಿನ ತೇವ ಹೀರುತ್ತದೆ. ನೀರು ಜಾಸ್ತಿಯಾದರೆ ಬೇರೆಯಾಗಿ ಟ್ಯಾಂಕಿನ ತಳ ಸೇರಿ ತುಕ್ಕು ಹಿಡಿಸುತ್ತದೆ, ಆ ತುಕ್ಕು ಬಂದು ಕಾರ್ಬೊರೇಟರಿನ ಸಣ್ಣ ತೂತು, ಅಂದರೆ ಜೆಟ್, ಕಟ್ಟುತ್ತದೆ. ಮಳೆಗಾಲದ ಧಾರವಾಡದಲ್ಲಿ ತೇವಕ್ಕೆ ಕೊರತೆ ಇಲ್ಲ. ಗಾಡಿ ನಿಲ್ಲಿಸುವ ಮುಂಚೆ ಟ್ಯಾಂಕ್ ತುಂಬಿಸಿ, ಪೆಟ್ರೋಲ್ ಕಾಕ್ ಬಂದ್ ಮಾಡಿ, ಕಾರ್ಬೊರೇಟರಿನ ಕೆಳಗಿನ ಸ್ಕ್ರೂ ಸಡಿಲಿಸಿ ಒಳಗಿನ ಪೆಟ್ರೋಲ್ ಇಳಿಸಿ. ಹಳೆ ಪೆಟ್ರೋಲ್ ಪೈಪ್, ಓ ರಿಂಗ್ ಬದಲಿಸಿ, ಹಳೆ ರಬ್ಬರಿಗೆ ಎಥೆನಾಲ್ ಆಗಿಬರುವುದಿಲ್ಲ. ಮೈಲೇಜ್ ಸ್ವಲ್ಪ ಕಡಿಮೆಯಾಗುತ್ತದೆ. ಎಥೆನಾಲ್‌ನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಅದಕ್ಕೆ ಮೆಕ್ಯಾನಿಕ್ ಹತ್ತಿರ ಮದ್ದಿಲ್ಲ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಗಾಡಿಗೆ ಮೊದಲು ಯಾವುದಕ್ಕೆ ದುಡ್ಡು ಹಾಕಬೇಕು? ಸೈಲೆನ್ಸರ್ ಬದಲಿಸೋಣ ಅಂತಿದ್ದೀನಿ. (ರಾಣೆಬೆನ್ನೂರು)

ಉತ್ತರ: ಟೈರ್ ಮತ್ತು ಬ್ರೇಕಿಗೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2318 ಅಂತಿದ್ದರೆ 2018ರ 23ನೇ ವಾರದಲ್ಲಿ ತಯಾರಾದದ್ದು. ಅಷ್ಟು ಹಳೆ ರಬ್ಬರ್, ಗೆರೆ ಎಷ್ಟೇ ಆಳ ಇರಲಿ, ಒದ್ದೆ ರಸ್ತೆಯಲ್ಲಿ ಹಿಡಿಯುವುದಿಲ್ಲ. ಹೊಗೆ ಬಿಡುವ ಗಾಡಿಯನ್ನು ನಾನು ಓಡಿಸುತ್ತೇನೆ. ಗಟ್ಟಿಯಾದ ಟೈರಿನ ಗಾಡಿ ಹತ್ತುವುದಿಲ್ಲ. ಸೈಲೆನ್ಸರಿನ ಬಗ್ಗೆ ಮತ್ತೆ ಕೇಳಬೇಡಿ.

ಪ್ರಶ್ನೆ: ಕೆಎ 26ರ (ಗದಗ) ಗಾಡಿ ತಗೊಂಡೆ. ಬಾಂಡ್ ಪೇಪರಿನ ಮೇಲೆ ಇಬ್ಬರೂ ಸಹಿ ಹಾಕಿದ್ದೇವೆ. ಆರ್‌ಸಿ ಇನ್ನೂ ಹಳೆಯವರ ಹೆಸರಿನಲ್ಲೇ ಇದೆ. ಪರವಾಗಿಲ್ವಾ? (ಹುಬ್ಬಳ್ಳಿ)

ಉತ್ತರ: ಪರವಾಗಿಲ್ಲ ಅನ್ನುವ ಹಾಗಿಲ್ಲ. ಬಾಂಡ್ ಪೇಪರಿನಿಂದ ಆರ್‌ಟಿಒ ದಾಖಲೆಯಲ್ಲಿ ಹೆಸರು ಬದಲಾಗುವುದಿಲ್ಲ. ಅಪಘಾತವಾದರೆ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪರಿಹಾರ ಕೊಡುವ ಹೊಣೆ ನಿಮಗೆ ಮಾರಿದವರ ಮೇಲೆ ಬಿದ್ದು ಅವರು ಕೋರ್ಟಿಗೆ ಅಲೆಯಬೇಕಾಗುತ್ತದೆ. ಹೆಸರು ಬದಲಾವಣೆಯ ಅರ್ಜಿಗಳಾದ ಫಾರ್ಮ್ 29, ಫಾರ್ಮ್ 30ಕ್ಕೆ ಅವರ ಸಹಿ ಈಗಲೇ ಪಡೆಯಿರಿ. ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಅಂತ ಕಾನೂನಿದೆ. ಹಿಂದೆ ಸಾಲದ ಮೇಲೆ ತಗೊಂಡ ಗಾಡಿಯಾಗಿದ್ದರೆ ಸಾಲ ತೀರಿದ್ದನ್ನು ತಿಳಿಸುವ ಫಾರ್ಮ್ 35 ಮತ್ತು ಸಾಲ ಕೊಟ್ಟವರ ಪತ್ರವೂ ಬೇಕು. ವಿಮೆಯನ್ನೂ ನಿಮ್ಮ ಹೆಸರಿಗೆ ಮಾಡಿಸಿ. ಚಾಸಿ ನಂಬರನ್ನು ಗಾಡಿಯ ಮೇಲೆಯೇ ಓದಿ ಆರ್‌ಸಿ ಜೊತೆ ತಾಳೆ ನೋಡಿ. ಉಜ್ಜಿದ ಗುರುತು ಕಂಡರೆ ಬೇರೆ ಕೆಲಸ ಮಾಡಿಸುವ ಮುಂಚೆ ಗಾಡಿ ವಾಪಸ್ ಕೊಡಿ.