ಆಡದವರೂ ಸ್ಕೌಟ್ ಆಗಬಹುದಾ?
ದೊಡ್ಡ ಕ್ಲಬ್‌ಗೆ ಆಡದೆ ಫುಟ್‌ಬಾಲ್ ಸ್ಕೌಟ್, ಅಂದರೆ ಕ್ಲಬ್‌ಗೆ ಒಳ್ಳೆಯ ಆಟಗಾರರನ್ನು ಹುಡುಕಿಕೊಡುವವರು, ಆಗಬಹುದಾ ಅಂತ ಕೇಳಿದ್ದೀರಿ. ಖಂಡಿತ ಆಗಬಹುದು. ಇಂಗ್ಲೆಂಡ್‌ನ ಲೆಸ್ಟರ್ ಸಿಟಿ ಕ್ಲಬ್‌ನಲ್ಲಿ ಸ್ಕೌಟಿಂಗ್ ನೋಡಿಕೊಂಡ ಸ್ಟೀವ್ ವಾಲ್ಶ್ ಮೊದಲು ಶಾಲೆಯಲ್ಲಿ ಪಿಟಿ ಮೇಷ್ಟ್ರು. ಫ್ರಾನ್ಸ್‌ನ ಲೆ ಹಾವ್ರ್ ತಂಡದಲ್ಲಿ ಬೇರೆ ಆಟಗಾರನನ್ನು ನೋಡಲು ಹೋದಾಗ ಅವರ ಕಣ್ಣಿಗೆ ಬಿದ್ದದ್ದು ಸಣಕಲು ಹುಡುಗ ರಿಯಾದ್ ಮಹ್ರೆಜ್. ಆತ 2014ರಲ್ಲಿ ಲೆಸ್ಟರ್‌ಗೆ ಬಂದ, 2016ರಲ್ಲಿ ತಂಡ ಇಂಗ್ಲೆಂಡ್‌ನ ಅತಿ ದೊಡ್ಡ ಲೀಗ್ ಆದ ಪ್ರೀಮಿಯರ್ ಲೀಗ್ ಗೆದ್ದಿತು. ಮೇಷ್ಟ್ರಿಗೆ ಬೆಳೆಯುವ ಮಕ್ಕಳನ್ನು ನೋಡಿ ಅಭ್ಯಾಸ ಅಲ್ವಾ, ಬರೀ ಮೈಕಟ್ಟು ನೋಡಿ ಮೋಸ ಹೋಗುವುದು ಕಡಿಮೆ ಅಂತ ನನ್ನ ಅನಿಸಿಕೆ. ಆಡಿದ ಅನುಭವ ಇದ್ದರೆ ಒಳ್ಳೆಯದೇ, ಆದರೆ ಕೆಲವು ಮಾಜಿ ಆಟಗಾರರು ತಮ್ಮಂಥವರನ್ನೇ ಹುಡುಕುತ್ತಾರೆ.

ಸ್ಕೌಟ್‌ನಂತೆ ನೋಡಿ ಅಭ್ಯಾಸ ಮಾಡಬೇಕಾ? ಮುಂದಿನ ಪಂದ್ಯದಲ್ಲಿ ಚೆಂಡನ್ನು ಮರೆತು 90 ನಿಮಿಷ ಒಬ್ಬ ಆಟಗಾರನನ್ನೇ ನೋಡಿ. ಪಾಸ್ ಬರುವ ಮೊದಲೇ ಕತ್ತು ತಿರುಗಿಸಿ ಹಿಂದೆ ನೋಡುತ್ತಾನಾ? ಚೆಂಡು ಎದುರಾಳಿಗೆ ಹೋದಾಗ ಓಡುತ್ತಾನಾ, ಸುಮ್ನೆ ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಾನಾ? ಬರೆದಿಡಿ.